ಕೇಳದಿದ್ದರೆ ಒತ್ತಬೇಡಿ

ಬೆಳಿಗ್ಗೆ ಹೆಂಡತಿ ಕೈ ಎತ್ತಿದ್ದು ಬಸ್ಸಿನಲ್ಲಿ ಕೂತ ಮೇಲೂ ಅವನ ಕಣ್ಣಿನ ಮುಂದಿಂದ ಹೋಗಲಿಲ್ಲ. ಏಳುವಾಗಲೇ ಅವಳು ಬಲಭುಜ ಹಿಡಿದುಕೊಂಡು, "ರಾತ್ರಿಯೆಲ್ಲ ನಿದ್ದೆ ಇಲ್ಲ, ಕೈ ಮೇಲಕ್ಕೇ ಏಳ್ತಿಲ್ಲ," ಎಂದಿದ್ದಳು. ಅವನು ಹೂಂ ಎಂದಿದ್ದ. ಸ್ವಲ್ಪ ಹೊತ್ತು ಬಿಟ್ಟು, ಶೂ ಹಾಕಿಕೊಳ್ಳುತ್ತ, ಏನೂ ನೆನಪಿಲ್ಲದವನ ಹಾಗೆ, "ಆ ಕಪಾಟಿನ ಮೇಲೆ ನನ್ನ ಕನ್ನಡಕದ ಪೆಟ್ಟಿಗೆ ಇದೆ, ಸ್ವಲ್ಪ ಕೊಡು," ಎಂದ. ಅವಳು ಯೋಚನೆ ಮಾಡದೆ ಕೈ ಎತ್ತಿ ತೆಗೆದುಕೊಟ್ಟುಬಿಟ್ಟಳು. ಸಿಕ್ಕಿಬಿದ್ದಳು ಎಂದುಕೊಂಡ ಅವನು, ಅದರಲ್ಲಿ ಒಂದು ಸಣ್ಣ ಖುಷಿಯೂ ಇತ್ತು, ಊಟವಾದ ಮೇಲೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದು ಹೊರಗೆ ಬಂದಾಗ ಆಗುವಷ್ಟು ಖುಷಿ. ಆದರೆ ಎತ್ತಿದ ಕೈಯನ್ನು ಅವಳು ಇಳಿಸುವಾಗ ಎಡಗೈಯಿಂದ ಹಿಡಿದು ಇಳಿಸಿದಳು. ಅವನ ಕಡೆ ನೋಡಲಿಲ್ಲ. ತಾನು ಪರೀಕ್ಷೆಗೆ ಕೂತಿದ್ದೆ ಎನ್ನುವುದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಗೊತ್ತಾಗಿದ್ದರೂ ಹೊಸದೇನಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನು ನಿಂತಿದ್ದ ಮುದುಕನನ್ನು ನೋಡಬಾರದೆಂದು ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲ, ರೆಪ್ಪೆ ಅಲುಗುತ್ತಿತ್ತು. ಮುದುಕನೂ ಅಷ್ಟೇ, ಸೀಟು ಖಾಲಿಯಾದ ಕೂಡಲೇ ಹುಡುಗನಂತೆ ನುಗ್ಗಿ ಕೂತ. ಎಲ್ಲ ಒಂದೇ ತಕ್ಕಡಿಯವರು ಎಂದು ಅವನು ಕಿಟಕಿಯ ಕಡೆ ತಿರುಗಿದ.

ಅವನ ಕೆಲಸ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು. ಗೋಡೆಗೆಲ್ಲ ಸ್ಪಂಜು ಹೊಡೆದ ಒಂದು ಚಿಕ್ಕ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ, ಗಾಜಿನ ಈಚೆ ಅವನು, ಅವನ ಯಂತ್ರ. ಒಳಗೆ ಕೂತವರ ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಶಬ್ದ ಕೇಳಿದರೆ ಗುಂಡಿ ಒತ್ತಬೇಕು, ಒತ್ತಿದರೆ ಅವನ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ. ಮಗು ಕೂಡ ಆಡಬಹುದಾದ ಆಟ. ಆದರೆ ಇಷ್ಟು ಸಲೀಸಾದ ಆಟದಲ್ಲೂ ಜನ ಎಷ್ಟು ಮೋಸ ಮಾಡುತ್ತಾರೆ ಎನ್ನುವುದನ್ನು ನೋಡಿ ನೋಡಿ ಅವನ ಒಳಗೆ ಏನೋ ಜಡ್ಡುಗಟ್ಟಿತ್ತು. ಸುಳ್ಳುಗಾರರಲ್ಲಿ ಎರಡು ಜಾತಿ ಎಂದು ಅವನು ಹೇಳುತ್ತಿದ್ದ. ಕೇಳಿಸಿಯೂ ಒತ್ತದವರು ಒಂದು ಜಾತಿ, ಅವರಿಗೆ ಪರಿಹಾರ ಬೇಕು. ಕೇಳಿಸದೆಯೂ ಒತ್ತುವವರು ಇನ್ನೊಂದು ಜಾತಿ, ಅವರಿಗೆ ಕೆಲಸ ಉಳಿಯಬೇಕು. ಮೊದಲನೆಯವರಿಗೆ ಅವನ ಬಳಿ ಒಂದು ಉಪಾಯವಿತ್ತು. ಪರೀಕ್ಷೆ ಮುಗಿಸಿ ಅವರು ಬಾಗಿಲು ದಾಟುವಾಗ, ಬೆನ್ನ ಹಿಂದಿನಿಂದ, ತುಟಿ ಅಲ್ಲಾಡಿಸಿಯೂ ಅಲ್ಲಾಡಿಸದ ಹಾಗೆ, "ನಿಮ್ಮ ಛತ್ರಿ ಇಲ್ಲೇ ಉಳೀತು," ಎನ್ನುವುದು. ಪೂರ್ತಿ ಕಿವುಡನೆಂದು ಬಂದಿದ್ದ ಮಗ್ಗದ ಕೆಲಸಗಾರನೊಬ್ಬ ಹಾಗೆ ಗಕ್ಕನೆ ತಿರುಗಿ ನಿಂತಿದ್ದ. ಅವತ್ತು ಇಡೀ ವಿಭಾಗ ನಕ್ಕಿತ್ತು, ಅವತ್ತಿನಿಂದ ಅವನಿಗೆ ಪತ್ತೇದಾರ ಎಂದು ಹೆಸರು ಬಿದ್ದಿತ್ತು. ಎರಡನೆಯ ಜಾತಿಯವರಿಗೆ ಇನ್ನೂ ಸುಲಭ. ಏನೂ ಶಬ್ದ ಕೊಡದೆ ಸುಮ್ಮನೆ ಕೂರುವುದು. ಮೌನ ಉದ್ದವಾದಂತೆ ಅವರಿಗೆ ಗಾಬರಿಯಾಗುತ್ತದೆ, ಏನೋ ತಪ್ಪಿಸಿಕೊಂಡೆವು ಎಂದು ಒತ್ತಿಬಿಡುತ್ತಾರೆ. ಅವನ ತಂದೆ ತೀರಿಕೊಂಡಾಗಲೂ ಅವನು ಬಾಗಿಲ ಪಕ್ಕ ನಿಂತು ಯಾರ ಅಳು ಯಾರು ಒಳಗೆ ಬಂದಾಗ ಜೋರಾಗುತ್ತದೆ ಎಂದು ನೋಡುತ್ತಿದ್ದ. ಚಿಕ್ಕಪ್ಪನ ಅಳು ಅತ್ತೆ ಬಂದಾಗ ಏರಿತು. ತನ್ನ ಕಣ್ಣು ಒಣಗಿಯೇ ಇದ್ದುದನ್ನೂ ಗಮನಿಸಿದ, ಅದನ್ನು ಪ್ರಾಮಾಣಿಕತೆ ಎಂದು ಲೆಕ್ಕ ಹಾಕಿಕೊಂಡ.

ಆ ಬೆಳಿಗ್ಗೆ ಮೊದಲು ಬಂದವಳು ಆಸ್ಪತ್ರೆಯದೇ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು. ನೆಲಮಾಳಿಗೆಯ ಆ ದೊಡ್ಡ ಯಂತ್ರಗಳ ನಡುವೆ ಅವಳ ಅರ್ಧ ಆಯಸ್ಸು ಹೋಗಿತ್ತು. ಎಲ್ಲರೂ ಅವಳನ್ನು ಲಾಂಡ್ರಿಯಮ್ಮ ಎನ್ನುತ್ತಿದ್ದರು. ಯಂತ್ರ ನಡೆಸುವವರಿಗೆಲ್ಲ ಕಿವಿ ಪರೀಕ್ಷೆ ಕಡ್ಡಾಯ ಎಂದು ಮೇಲಿನಿಂದ ಹೊಸ ಆದೇಶ ಬಂದಿತ್ತು. ಅವಳು ಒಗೆದ ಸೀರೆ ಉಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಫೋಟೋ ತೆಗೆಸಲು ಬಂದವಳ ಹಾಗೆ ಬಂದಿದ್ದಳು. ಕೈ ಬಿಸಿನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿತ್ತು.

"ಕೂತ್ಕೊಳ್ಳಿ," ಎಂದ ಅವನು.

"ಚೆನ್ನಾಗಿದೀನಿ ಸಾರ್," ಎಂದಳು.

ತುಟಿ ನೋಡಿ ಊಹಿಸಿ ಉತ್ತರಿಸುವವಳು ಎಂದು ಅಲ್ಲೇ ತಿಳಿಯಿತು. ಕುರ್ಚಿ ತೋರಿಸಿದ. ಹೆಡ್‌ಫೋನು ಹಾಕುವಾಗ ಅವಳು, "ಇದು ಪಾಸಾದ್ರೆ ತಾನೇ ಸಾರ್ ಕೆಲಸ? ನಂಗೆ ಚೆನ್ನಾಗಿ ಕೇಳ್ಸುತ್ತೆ. ಮನೇಲಿ ಸೊಸೆ ಪಿಸುಗುಟ್ಟೋದೂ ಕೇಳ್ಸುತ್ತೆ," ಎಂದು ತಾನೇ ನಕ್ಕಳು, ಬೇಕಾದ್ದಕ್ಕಿಂತ ಜೋರಾಗಿ. ನಿಯಮ ಹಾಗಿರಲಿಲ್ಲ. ನಿಜವಾಗಿ ಕಿವಿ ಹೋದವರನ್ನು ಮೇಲಿನ ಮಹಡಿಯಲ್ಲಿ ಬಟ್ಟೆ ಮಡಿಸುವ ಕೋಣೆಗೆ ಹಾಕಬೇಕು, ಕಿವಿಗೆ ಯಂತ್ರ ಕೊಡಿಸಬೇಕು. ಕೆಲಸ ಹೋಗುವುದು ಪರೀಕ್ಷೆಯಲ್ಲಿ ಮೋಸ ಮಾಡಿದವರಿಗೆ ಮಾತ್ರ. ಇದನ್ನು ಯಾರಿಗೂ ಮೊದಲೇ ಹೇಳಬಾರದು, ಹೇಳಿದರೆ ಎಲ್ಲರೂ ಕಿವುಡರಾಗಿಬಿಡುತ್ತಾರೆ ಎಂದು ಆದೇಶದಲ್ಲೇ ಇತ್ತು. ಹೀಗಾಗಿ ಅವಳು ಯಾವ ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಳೋ ಆ ಸುಳ್ಳಿನಿಂದಲೇ ಅದನ್ನು ಕಳೆದುಕೊಳ್ಳುವವಳಿದ್ದಳು. ಅವನಿಗೆ ಇದು ಗೊತ್ತಿತ್ತು, ಗೊತ್ತಿದ್ದೂ ಒಳಗೆ ಏನೂ ಅಲ್ಲಾಡಲಿಲ್ಲ. ಬಾಗಿಲು ಹಾಕಿ ಈಚೆ ಬಂದು ಕೂತ. ಸಣ್ಣ ಶಬ್ದ ಕೊಟ್ಟ, ದೀಪ ಹತ್ತಲಿಲ್ಲ. ಏರಿಸಿದ, ಹತ್ತಲಿಲ್ಲ. ಆಮೇಲೆ ಕೈಯನ್ನು ಯಂತ್ರದಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ. ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು. ತಲೆ ಎತ್ತಿ ನೋಡಿದರೆ ಗಾಜಿನ ಆಚೆ ಅವಳು ನಗುತ್ತಿದ್ದಳು. ಮೋಸ ಮಾಡುವವರು ಹೀಗೆ ನಗುವುದಿಲ್ಲ, ಅವರು ಅವನ ಕೈಯನ್ನು ಕದ್ದು ನೋಡುತ್ತಾರೆ. ಇವಳು ಕಣ್ಣು ಮುಚ್ಚಿಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ, ಪಕ್ಕದ ಮನೆಯಿಂದ ಯಾರೋ ಹೆಸರು ಹಿಡಿದು ಕರೆದರು ಎನ್ನುವ ಹಾಗೆ ನಗುತ್ತಿದ್ದಳು. ಆ ನಗು ಅವನಿಗೆ ಹಿಡಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೂ ಎರಡು ಸಲ ದೀಪ ಹತ್ತಿಸಿಕೊಂಡು, ಪರೀಕ್ಷೆ ಮುಗಿಸಿದ.

"ಎಲ್ಲ ಕೇಳಿಸ್ತು ಸಾರ್," ಎಂದಳು ಹೊರಗೆ ಬಂದು. "ಕೊನೇದಂತೂ ಎಷ್ಟು ಸಣ್ಣದು! ಆದ್ರೂ ಕೇಳಿಸ್ತು."

"ಹೋಗ್ಬನ್ನಿ," ಎಂದ ಅವನು, ತಲೆ ಎತ್ತದೆ.

ಅವಳು ಹೋಗಲಿಲ್ಲ. ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಅವನ ತಲೆಯ ಮೇಲ್ಭಾಗಕ್ಕೇ ಒಂದು ನಮಸ್ಕಾರ ಮಾಡಿ ಹೋದಳು. ವರದಿಯ ಕೊನೆಯಲ್ಲಿ ಅವನು 'ಉತ್ತರಗಳು ನಂಬಿಕೆಗೆ ಅರ್ಹವಲ್ಲ' ಎಂದು ಬರೆದು, ಸಂಜೆ ಜವಾನ ಒಯ್ಯುವ ತಟ್ಟೆಯಲ್ಲಿಟ್ಟ. ಆ ವಾಕ್ಯವನ್ನು ಅವನು ಎಷ್ಟು ಸಲ ಬರೆದಿದ್ದನೆಂದರೆ ಕೈ ತಾನಾಗಿಯೇ ಬರೆಯುತ್ತಿತ್ತು. ಮುಂದಿನವರನ್ನು ಕರೆದ. ಒಬ್ಬನ ಕಿವಿಯ ತುಂಬ ಗುಗ್ಗೆ, ಇನ್ನೊಬ್ಬಳಿಗೆ ಏನೂ ಇಲ್ಲ, ಗಂಡನ ಮಾತು ಬೇಡವಾಗಿದೆ ಅಷ್ಟೇ. ಮಧ್ಯಾಹ್ನ ಡಬ್ಬಿ ಬಿಚ್ಚಿ ಏನು ತಿಂದೆನೆಂದು ತಿಳಿಯದೆ ತಿಂದ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲ, ಸಾರು ಚೀಲಕ್ಕೆ ಸೋರಿತ್ತು. ದಿನಾ ಬಿಗಿಯಾಗಿ ಹಾಕುವವಳು ಇವತ್ತು ಯಾಕೆ ಹಾಕಲಿಲ್ಲ ಎಂದು ಸಿಟ್ಟು ಬಂತು. ಆಮೇಲೆ ಯಾಕೆ ಎಂದು ಗೊತ್ತಾಯಿತು. ಸಿಟ್ಟು ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕೂತಿತು.

ವಾರಕ್ಕೊಂದು ಮಧ್ಯಾಹ್ನ ಯಂತ್ರ ಸರಿಯಾಗಿದೆಯೇ ಎಂದು ವಿಭಾಗದವರು ತಮ್ಮ ಕಿವಿಯನ್ನೇ ಕೊಟ್ಟು ನೋಡುವುದು ರೂಢಿ. ಗೊತ್ತಿರುವ ಕಿವಿ ಕೇಳಬೇಕಾದಷ್ಟನ್ನು ಕೇಳಿದರೆ ಯಂತ್ರ ಸರಿ. ವಿಭಾಗದ ಇನ್ನೊಬ್ಬ ಪರೀಕ್ಷಕಿ ನಿವೃತ್ತಿಗೆ ಹತ್ತಿರವಾದವಳು, ಎಲ್ಲರಿಗೂ ದೊಡ್ಡಕ್ಕ. ಯಾವಾಗಲೂ ಒಳಗೆ ಕೂರುವವಳು ಅವಳೇ, ಯಂತ್ರವನ್ನು ಅವನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಇವತ್ತು ಅವಳು ಸೀನುತ್ತ ಬಂದು, "ಶೀತ ಆಗಿ ನನ್ನ ಕಿವಿ ಕಟ್ಕೊಂಡಿದೆಯಪ್ಪ, ನೀನೇ ಹೋಗಿ ಕೂತ್ಕೋ," ಎಂದಳು. ಅವನು ಒಳಗೆ ಹೋಗಿ ಕೂತ. ಬಾಗಿಲು ಮುಚ್ಚಿದ್ದೇ ಹೊರಗಿನ ಲೋಕ ಎಂಬುದು ಇರಲಿಲ್ಲ. ಕುರ್ಚಿ ಇನ್ನೂ ಬೆಚ್ಚಗಿತ್ತು, ಯಾರ ಬಿಸಿಯೋ. ಮೊದಲ ಶಬ್ದ ಬಂತು, ಒತ್ತಿದ. ಅದಕ್ಕಿಂತ ಸಣ್ಣದು ಬಂತು, ಒತ್ತಿದ. ಇನ್ನೂ ಸಣ್ಣದು. ಆಮೇಲೆ ಕಾಯಬೇಕಾಯಿತು. ಕಾಯುತ್ತ ಕೂತಾಗ ತನ್ನ ಉಸಿರು ಕೇಳಿಸಿತು, ಅದರ ಕೆಳಗೆ ರಕ್ತ ಹರಿಯುವ ಗುಂಯ್ ಎನ್ನುವ ಸದ್ದು, ಅದರ ಕೆಳಗೆ ಏನೂ ಇಲ್ಲ. ಮಗಳು ಕೂಸಾಗಿದ್ದಾಗ ಹೆಂಡತಿ ಸ್ನಾನದ ಮನೆಯಿಂದ ಅರ್ಧಕ್ಕೇ ಎದ್ದು ಓಡಿ ಬರುತ್ತಿದ್ದಳು, ಮೈಯೆಲ್ಲ ನೀರು, ಸೋಪಿನ ನೊರೆ, "ಅಳ್ತಿತ್ತಲ್ಲ?" ಎಂದು ಕೇಳುತ್ತಿದ್ದಳು. ಕೂಸು ನಿದ್ದೆಯಲ್ಲಿರುತ್ತಿತ್ತು. "ಯಾರೂ ಅಳ್ತಿಲ್ಲ, ನಿನ್ನ ನಾಟಕ," ಎಂದು ಅವನು ಪತ್ರಿಕೆಯ ಪುಟ ಮಗುಚುತ್ತಿದ್ದ. ಅವಳು ಒದ್ದೆ ಪಾದದ ಗುರುತುಗಳ ಮೇಲೆಯೇ ಹಿಂದಕ್ಕೆ ಹೋಗುತ್ತಿದ್ದಳು. ಈಗ ಆ ಮಗಳು ಬೇರೆ ಮನೆಯಲ್ಲಿದ್ದಾಳೆ, ಫೋನು ಮಾಡಿದರೆ ಅಮ್ಮನಿಗೆ ಕೊಡಿ ಎನ್ನುತ್ತಾಳೆ. ಶಬ್ದ ಬಂತು. ತುಂಬ ಸಣ್ಣದು, ದೂರದ್ದು, ಆದರೆ ಖಂಡಿತ ಬಂತು. ಒತ್ತಿದ. ಬಂದೇ ಬಂತಲ್ಲ ಎಂದು ಎದೆಯಲ್ಲಿ ಏನೋ ಹಗುರಾಯಿತು. ಇನ್ನೊಮ್ಮೆ ಬಂತು. ಒತ್ತಿದ. ಮತ್ತೂ ಒಮ್ಮೆ.

ಬಾಗಿಲು ತೆರೆದು ದೊಡ್ಡಕ್ಕ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದಳು. "ಏನಪ್ಪ ಪತ್ತೇದಾರ, ನಾನು ಕೊಡದೇ ಇರೋದಕ್ಕೆಲ್ಲ ಒತ್ತಾ ಇದೀಯಾ?"

"ಕೊಟ್ರಲ್ಲ. ಮೂರು ಸಲ."

"ಎಲ್ಲಿಂದ ಕೊಡ್ಲಿ? ಸೀನು ಬಂದು ಆಚೆ ಹೋಗಿದ್ದೆ. ಬಂದು ನೋಡ್ತೀನಿ, ದೀಪ ತಾನಾಗೇ ಹತ್ತಿ ಆರ್ತಿದೆ. ಒಳಗೆ ನೋಡಿದ್ರೆ ನೀನು ಕಣ್ಣು ಮುಚ್ಕೊಂಡು ನಗ್ತಾ ಕೂತಿದೀಯ."

"ಕೇಳಿಸ್ತು," ಎಂದ ಅವನು. "ದೊಡ್ಡಕ್ಕ, ನಾನು ಸುಳ್ಳು ಹೇಳ್ತಿಲ್ಲ. ಕೇಳಿಸ್ತು."

"ಸುಳ್ಳು ಅಂತ ಯಾರಂದ್ರು? ಕಿವಿ ಕಾಯ್ತಾ ಕೂತ್ರೆ ಹಾಗೇ ಆಗುತ್ತೆ. ನಂಗೆ ದಿನಾ ಆಗುತ್ತೆ. ಇದೇನು ನಿಂಗೆ ಗೊತ್ತಿಲ್ದೇ ಇರೋದಾ?" ಎಂದು ಇನ್ನೊಂದು ಸೀನು ಸೀನಿ, ಚಹಾ ಕುಡಿಯಲು ಹೋದಳು.

ಗೊತ್ತಿಲ್ಲದ್ದೇನಲ್ಲ. ಓದುವಾಗ ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸೂ ಆಗಿದ್ದ. ಆಸೆಯಿಟ್ಟು ಕಾಯುವ ಕಿವಿ ಇಲ್ಲದ್ದನ್ನೂ ಕೇಳುತ್ತದೆ ಎಂದು. ಆದರೆ ಪುಸ್ತಕದಲ್ಲಿದ್ದದ್ದನ್ನು ಅವನು ಎಂದೂ ನಂಬಿರಲಿಲ್ಲ, ಜನರಿಗೆ ಬಚಾವಾಗಲು ಪುಸ್ತಕದವರು ಮಾಡಿಕೊಟ್ಟ ದಾರಿ ಅದು ಎಂದುಕೊಂಡಿದ್ದ. ಈಗ ಆ ಸ್ಪಂಜಿನ ಕೋಣೆಯಲ್ಲಿ ಗುಂಡಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟ. ಅವಮಾನವೆನ್ನಬೇಕೋ ಏನೋ, ಅವನಿಗೆ ಅದರ ಹೆಸರು ಹೊಳೆಯಲಿಲ್ಲ. ಮೂರು ಸಲ ಅವನಿಗೆ ಖುಷಿಯಾಗಿತ್ತು. ಅದೇ ಹೆಚ್ಚು ತೊಂದರೆ ಕೊಡುತ್ತಿದ್ದದ್ದು. ಯಾವ ಕಾಲದಲ್ಲೂ ಆಗದಷ್ಟು, ಎದೆ ಹಗುರಾಗುವಷ್ಟು ಖುಷಿ, ಯಾರೋ ತನ್ನ ಕಡೆಗೆ ಒಂದು ಶಬ್ದ ಕಳಿಸಿದರಲ್ಲ ಎಂದು. ಕಳಿಸಿದವರು ಯಾರೂ ಇರಲಿಲ್ಲ. ಅವನು ಬರೆದ ಆ ವಾಕ್ಯ ನೆನಪಿಗೆ ಬಂತು. ಅದರ ಕೆಳಗೆ ಎಷ್ಟು ಜನ ಕೂತಿದ್ದರೆಂದು ಲೆಕ್ಕ ಹಾಕಲು ಹೋಗಲಿಲ್ಲ, ಹಾಕಿದ್ದರೆ ಅದೂ ಒಂದು ಜಂಭವಾಗುತ್ತಿತ್ತು. ಕೆಲವರು ನಿಜವಾಗಿಯೂ ಮೋಸಗಾರರೇ, ಅದನ್ನು ಈಗಲೂ ಆಣೆಯಿಟ್ಟು ಹೇಳಬಲ್ಲ. ಆದರೆ ಯಾರು ಯಾರು ಎಂದು ಕೇಳಿದರೆ, ಬೆಳಿಗ್ಗೆ ಹೇಳಬಲ್ಲವನಾಗಿದ್ದ, ಈಗ ಹೇಳಲಾರ. ಹೊರಗೆ ಬಂದು ಮನೆಗೆ ಫೋನು ಮಾಡಿದ. ಎಷ್ಟೋ ಹೊತ್ತು ರಿಂಗಾಯಿತು.

"ಏನು? ಏನಾಯ್ತು?" ಎಂದಳು ಹೆಂಡತಿ. ಅವನು ಕೆಲಸದ ನಡುವೆ ಫೋನು ಮಾಡುವವನಲ್ಲ.

"ಏನಿಲ್ಲ. ಭುಜ ಹೇಗಿದೆ?"

ಆಚೆ ಕಡೆ ನಲ್ಲಿಯಿಂದ ನೀರು ಬೀಳುತ್ತಿತ್ತು, ಅದು ನಿಂತಿತು. "ಸರಿಯಾಗಿದೆ," ಎಂದಳು ಅವಳು. "ಏನೂ ಇಲ್ಲ. ಚೆನ್ನಾಗೇ ಇದೆ." ದನಿ ಗೆಲುವಾಗಿತ್ತು, ಬೇಕಾದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು. ಆ ಕೂದಲೆಳೆಯನ್ನು ಹಿಡಿಯುವುದೇ ಅವನ ಕಸುಬು. ಹಿಡಿದ. ಸುಳ್ಳು. ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳಿಗೆ ಪಾಸಾಗಬೇಕಿತ್ತು, ಅಷ್ಟೇ. ನೋವು ಎಂದರೆ ಮತ್ತೆ ಯಾವ ಕಪಾಟಿನ ಮೇಲಿಂದ ಏನು ತೆಗೆಸುತ್ತಾನೋ ಎಂದು ಇಷ್ಟು ವರ್ಷ ಅವಳು ಅವನಿಗೆ ಎಷ್ಟು ಸಲ ಚೆನ್ನಾಗೇ ಇದೆ ಎಂದು ಒತ್ತಿರಬಹುದು. ಅವನಿಗೆ ದುಃಖವಾಯಿತು. ದುಃಖವೆಂದರೆ ಕಣ್ಣೀರಲ್ಲ, ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ರಕ್ತ ಬರುವಾಗಿನ ಜುಮ್ಮು, ಊರಲೂ ಆಗದು, ಎತ್ತಲೂ ಆಗದು. "ಸಂಜೆ ಡಾಕ್ಟರ ಹತ್ರ ಹೋಗೋಣ," ಎಂದ. "ಬೇಡ ಬಿಡಿ, ಅಂಥಾದ್ದೇನಿಲ್ಲ," ಎಂದಳು. "ನೋವಿದೆ ಅಂತ ಬೆಳಿಗ್ಗೆ ಅಂದೆಯಲ್ಲ," ಎಂದ. ಅವಳು, "ಅಂದಿದ್ದೆ," ಎಂದಳು ಅಷ್ಟೇ. ಇಬ್ಬರೂ ಫೋನು ಇಡಲಿಲ್ಲ. ಕೊನೆಗೆ ಅವಳೇ, "ಹೂಂ, ಹೋಗೋಣ," ಎಂದಳು, ನಂಬಿದಳೆಂದು ಅವನಿಗೆ ಅನಿಸಲಿಲ್ಲ.

ತಟ್ಟೆಯಲ್ಲಿ ವರದಿ ಇನ್ನೂ ಇತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಅವನು ನೆಲಮಾಳಿಗೆಗೆ ಇಳಿದ. ಇಷ್ಟು ವರ್ಷ ಈ ಕಟ್ಟಡದಲ್ಲಿದ್ದರೂ ಲಾಂಡ್ರಿಗೆ ಬಂದದ್ದು ಅದೇ ಮೊದಲು. ಬಾಗಿಲು ತಳ್ಳಿದ್ದೇ ಸದ್ದು ಮುಖಕ್ಕೆ ಬಡಿಯಿತು. ಸಾಲಾಗಿ ನಿಂತ ಯಂತ್ರಗಳು, ಗುಂಡು ಗಾಜಿನೊಳಗೆ ಹಾಸಿಗೆ ಹೊದಿಕೆಗಳು ಎದ್ದು ಬೀಳುತ್ತಿದ್ದವು, ಎಲ್ಲ ಕಡೆ ಹಬೆ. ಲಾಂಡ್ರಿಯಮ್ಮ ಬೆನ್ನು ಮಾಡಿ ನಿಂತು ಒದ್ದೆ ಬಟ್ಟೆ ಎಳೆಯುತ್ತಿದ್ದಳು, ಬೆಳಗಿನ ಸೀರೆಯ ಮೇಲೆ ರಬ್ಬರಿನ ಏಪ್ರನ್ನು. "ಅಮ್ಮಾ," ಎಂದ. ತನಗೇ ಕೇಳಿಸಲಿಲ್ಲ. ಮತ್ತೆ ಕೂಗಿದ. ಜನರ ಬೆನ್ನ ಹಿಂದೆ ತುಟಿ ಅಲ್ಲಾಡಿಸದೆ ಮಾತಾಡಿ ಹೆಸರು ಗಳಿಸಿದ್ದವನು ಈಗ ಬಾಯಿ ಬಿರಿಯುವಂತೆ ಕೂಗಿದರೂ ಆ ಬೆನ್ನು ತಿರುಗಲಿಲ್ಲ. ಸುತ್ತಿ ಮುಂದೆ ಹೋಗಿ ನಿಲ್ಲಬೇಕಾಯಿತು. ಅವನನ್ನು ಕಂಡ ಕೂಡಲೇ ಅವಳ ಮುಖದ ಬಣ್ಣ ಇಳಿಯಿತು. ಕೈಸನ್ನೆ ಮಾಡಿ ಕಾರಿಡಾರಿಗೆ ಕರೆದುಕೊಂಡು ಬಂದ.

"ಇನ್ನೊಂದು ಸಲ ನೋಡಬೇಕು, ಬನ್ನಿ," ಎಂದ, ಅವಳಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ.

"ಯಾಕೆ ಸಾರ್? ಎಲ್ಲ ಕೇಳಿಸ್ತಲ್ಲ. ನಿಜವಾಗ್ಲೂ ಕೇಳಿಸ್ತು, ನನ್ನ ಮೊಮ್ಮಕ್ಕಳಾಣೆ." ಅವಳ ಕಣ್ಣು ತುಂಬಿತ್ತು. "ಮೋಸ ಮಾಡಿಲ್ಲ ಸಾರ್."

"ಗೊತ್ತು," ಎಂದ. ಅವಳಿಗೆ ಮುಖ ಕಾಣುವ ಹಾಗೆ ಬಗ್ಗಿ ಮತ್ತೆ ಹೇಳಿದ. "ಗೊತ್ತು. ನಂಗೂ ಹಾಗೇ ಕೇಳಿಸ್ತು, ಇವತ್ತು ಮಧ್ಯಾಹ್ನ. ಏನೂ ಇರಲಿಲ್ಲ, ಆದ್ರೂ ಕೇಳಿಸ್ತು."

ಅವಳಿಗೆ ಅರ್ಥವಾಗಲಿಲ್ಲ, ಅವನ ಬಾಯಿಯನ್ನೇ ನೋಡುತ್ತ ನಿಂತಳು. ಆಗ ಅವನು ಹೇಳಬಾರದ್ದನ್ನು ಹೇಳಿದ. ಕಿವಿ ಹೋಗಿದ್ದರೆ ಕೆಲಸ ಹೋಗುವುದಿಲ್ಲ, ಮೇಲೆ ಬಟ್ಟೆ ಮಡಿಸುವ ಕೋಣೆಗೆ ಹಾಕುತ್ತಾರೆ, ಕಿವಿಗೆ ಯಂತ್ರ ಕೊಡುತ್ತಾರೆ ಎಂದ. ಹಾಕದಿದ್ದರೆ ತಾನೇ ಹೋಗಿ ಜಗಳ ಮಾಡುತ್ತೇನೆ ಎಂದ, ಹೇಳಿ ತಾನೇ ಬೆರಗಾದ, ಜಗಳ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಬಲೆ ಒಡ್ಡುವವರ ಮಾತೂ ಹೀಗೇ ಮೆತ್ತಗಿರುತ್ತದೆ, ಅದು ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಜೇಬಿನಿಂದ ವರದಿ ತೆಗೆದು, ಅವಳ ಎದುರೇ ಹರಿದು, ಚೂರುಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ. ಅವಳು ಏಪ್ರನ್ನು ಬಿಚ್ಚಿ, ಕೈ ಒರೆಸಿಕೊಂಡು, ಅವನ ಹಿಂದೆ ಮೆಟ್ಟಿಲು ಹತ್ತಿದಳು.

ಈ ಸಲ ಹೆಡ್‌ಫೋನು ಹಾಕುವ ಮೊದಲು ಅವಳ ಎದುರು ಕುಕ್ಕರಗಾಲಲ್ಲಿ ಕೂತು, "ಕೇಳಿದ್ರೆ ಒತ್ತಿ. ಕೇಳದಿದ್ರೆ ಒತ್ತಬೇಡಿ. ಒತ್ತದೇ ಇದ್ರೆ ಏನೂ ಆಗಲ್ಲ," ಎಂದ. ಅವಳು ತಲೆಯಾಡಿಸಿದಳು. ಬಾಗಿಲು ಹಾಕಿ ಈಚೆ ಬಂದು ಶಬ್ದ ಕೊಟ್ಟ. ದೀಪ ಹತ್ತಲಿಲ್ಲ. ಏರಿಸಿದ. ಹತ್ತಲಿಲ್ಲ. ಇನ್ನೂ ಏರಿಸಿದ. ಗಾಜಿನ ಆಚೆ ಅವಳು ನಗುತ್ತಿರಲಿಲ್ಲ. ಕಣ್ಣು ಅಗಲಿಸಿಕೊಂಡು ಅವನನ್ನೇ ನೋಡುತ್ತಿದ್ದಳು, ಸುಕ್ಕಾದ ಬೆರಳು ಗುಂಡಿಯ ಮೇಲೇ ಇತ್ತು, ಒತ್ತುತ್ತಿರಲಿಲ್ಲ. ಅವಳ ಭಯವೆಲ್ಲ ಆ ಬೆರಳಿನಲ್ಲಿತ್ತು. ಅವನ ಮಾತನ್ನು ನಂಬಿ ಅವಳು ಅದನ್ನು ತಡೆಹಿಡಿದುಕೊಂಡಿದ್ದಳು. ಅವನು ಮತ್ತೆ ಏರಿಸಿದ. ಅವನ ಬೇರೆ ರೋಗಿಗಳಾಗಿದ್ದರೆ ಇಷ್ಟರಲ್ಲಿ ಹೆಡ್‌ಫೋನು ಕಿತ್ತು ಬಿಸಾಡುತ್ತಿದ್ದರು, ಶಬ್ದ ಗಾಜು ದಾಟಿ ಅವನಿಗೇ ಕೇಳಿಸುತ್ತಿತ್ತು. ಇದು ಕೇಳಲಿ, ಇದಾದರೂ ಅವಳಿಗೆ ಕೇಳಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ, ಯಾರನ್ನು ಎಂದು ಗೊತ್ತಿಲ್ಲದೆ. ಒತ್ತಮ್ಮ, ಒತ್ತು. ಮೇಜಿನ ಅಂಚನ್ನು ಅವನದೇ ಹೆಬ್ಬೆರಳು ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿತ್ತು. ಗಾಜಿನ ಆಚೆಯಿಂದ ಅವಳು, ತಪ್ಪು ಮಾಡಿದವಳ ಹಾಗೆ, ಇಲ್ಲ ಎಂದು ತಲೆಯಾಡಿಸಿದಳು. ಅವನೂ ಆಗಲಿ ಎಂದು ತಲೆಯಾಡಿಸಿ, ಇನ್ನೊಂದು ಮೆಟ್ಟಿಲು ಏರಿಸಿದ.